ಸಿಂಹಾಸನದಿಂದ ಇಳಿದ ಮೇಲೆ: ಜಯಚಾಮರಾಜೇಂದ್ರ ಒಡೆಯರ ಬಗ್ಗೆ ಓದುಗರ ಪ್ರಶ್ನೆಗಳು

ಹಿಂದಿನ ಸಂಚಿಕೆಯ ಪ್ರಶ್ನೋತ್ತರದಲ್ಲಿ ಮೈಸೂರಿನ ಕೊನೆಯ ಮಹಾರಾಜರಾದ ಜಯಚಾಮರಾಜೇಂದ್ರ ಒಡೆಯರ ಬಗ್ಗೆ ನಾಲ್ಕೇ ಸಾಲಿನ ಉತ್ತರವೊಂದು ಪ್ರಕಟವಾಗಿತ್ತು. ಆಮೇಲೆ ಬಂದ ಪತ್ರಗಳನ್ನು ನೋಡಿದರೆ ಆ ನಾಲ್ಕು ಸಾಲಿನಿಂದ ಯಾರಿಗೂ ತೃಪ್ತಿಯಾಗಿಲ್ಲ. ಕೆಲವರು ಅಭಿಮಾನದಿಂದ, ಕೆಲವರು ಸಿಟ್ಟಿನಿಂದ, ಇನ್ನು ಕೆಲವರು ಬರಿಯ ಕುತೂಹಲದಿಂದ ಬರೆದಿದ್ದಾರೆ. ಮೂರೂ ಬಗೆಯ ಪತ್ರಗಳಲ್ಲಿ ಉತ್ತರಕ್ಕೆ ಯೋಗ್ಯವಾದ ಪ್ರಶ್ನೆಗಳಿವೆ. ಹೀಗಾಗಿ ಈ ಸಲದ ಅಂಕಣ ಪೂರ್ತಿಯಾಗಿ ಅವರ ಸಾರ್ವಜನಿಕ ಬದುಕಿಗೇ ಮೀಸಲು. ಪತ್ರಗಳನ್ನು ಸಂಕ್ಷೇಪಿಸಿ, ಬರೆದವರ ಊರನ್ನು ಮಾತ್ರ ಉಳಿಸಿಕೊಂಡಿದ್ದೇನೆ.

ಪ್ರಶ್ನೆ: ಕನ್ನಂಬಾಡಿ ಕಟ್ಟೆ, ಮೈಸೂರು ವಿಶ್ವವಿದ್ಯಾನಿಲಯ ಎಲ್ಲವೂ ಒಡೆಯರ ಕೊಡುಗೆ ಎನ್ನುತ್ತೇವೆ. ಅದರಲ್ಲಿ ಜಯಚಾಮರಾಜೇಂದ್ರರ ಪಾಲು ಯಾವುದು? ನಮ್ಮ ಮನೆಯಲ್ಲಿ ಈ ಬಗ್ಗೆ ದೊಡ್ಡ ವಾದವೇ ನಡೆಯಿತು. (ಹಾಸನ)

ಉತ್ತರ: ನೀವು ಹೆಸರಿಸಿದ ಎರಡೂ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದವು. ಜಯಚಾಮರಾಜೇಂದ್ರರು ನಾಲ್ವಡಿಯವರ ತಮ್ಮನಾದ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಮಗ. ಹುಟ್ಟಿದ್ದು 1919ರ ಜುಲೈ 18ರಂದು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಓದಿ 1938ರಲ್ಲಿ ಪದವಿ ಪಡೆದರು. 1940 ಅವರ ಪಾಲಿಗೆ ಕಠಿಣ ವರ್ಷವಾಗಿತ್ತು. ಮಾರ್ಚಿನಲ್ಲಿ ತಂದೆ ತೀರಿಕೊಂಡರು, ಆಗಸ್ಟ್ 3ರಂದು ದೊಡ್ಡಪ್ಪನವರೂ ತೀರಿಕೊಂಡರು, ಸೆಪ್ಟೆಂಬರ್ 8ರಂದು ಇಪ್ಪತ್ತೊಂದು ವರ್ಷದ ತರುಣ ಸಿಂಹಾಸನ ಏರಿದರು. ಯದುವಂಶದ ಇಪ್ಪತ್ತೈದನೆಯ ಅರಸರಾದ ಅವರಿಗೆ ಆಳಲು ಸಿಕ್ಕಿದ್ದು ಹತ್ತು ವರ್ಷವೂ ಇಲ್ಲ, ಅದರಲ್ಲಿ ಅರ್ಧಕ್ಕೂ ಹೆಚ್ಚು ಭಾಗ ಎರಡನೆಯ ಮಹಾಯುದ್ಧದಲ್ಲಿಯೇ ಕಳೆಯಿತು.

ನಾಲ್ವಡಿಯವರ ಹೆಸರಿನ ಪಕ್ಕದಲ್ಲಿ ಇವರ ಹೆಸರು ಮಸುಕಾಗಿ ಕಾಣುವುದಕ್ಕೆ ಅದೇ ಕಾರಣ. ಕಟ್ಟೆ, ಕಾರ್ಖಾನೆ, ರೈಲುದಾರಿಗಳು ಕಣ್ಣಿಗೆ ಕಾಣುತ್ತವೆ. ಬಿಟ್ಟುಕೊಟ್ಟದ್ದು, ಕೇಳಿ ಆನಂದಿಸಿದ್ದು, ಇನ್ನೊಬ್ಬರ ಕೆಲಸಕ್ಕೆ ಬೆನ್ನಾಗಿ ನಿಂತದ್ದು ಹಾಗೆ ಕಾಣುವುದಿಲ್ಲ. ಜಯಚಾಮರಾಜೇಂದ್ರರ ಪಾಲು ಬಹುಮಟ್ಟಿಗೆ ಈ ಎರಡನೆಯ ಬಗೆಯದು.

ಪ್ರಶ್ನೆ: ಮಹಾರಾಜರು ತಾವಾಗಿಯೇ ಅಧಿಕಾರವನ್ನು ಜನರಿಗೆ ಒಪ್ಪಿಸಿದರು ಎಂದು ಭಾಷಣಗಳಲ್ಲಿ ಕೇಳುತ್ತೇವೆ. ನಮ್ಮ ಅಧ್ಯಾಪಕರು ಮಾತ್ರ, ಅದು ಜನ ಹೋರಾಡಿ ಪಡೆದದ್ದು ಎನ್ನುತ್ತಾರೆ. ಯಾವುದು ನಿಜ? (ಶಿವಮೊಗ್ಗ, ಕಾಲೇಜು ವಿದ್ಯಾರ್ಥಿನಿ)

ಉತ್ತರ: ನಿಮ್ಮ ಅಧ್ಯಾಪಕರು ಹೇಳಿದ್ದನ್ನು ಮೊದಲು ಒಪ್ಪಿಕೊಂಡು ಮುಂದೆ ಹೋಗೋಣ. 1947ರ ಆಗಸ್ಟ್ ತಿಂಗಳಲ್ಲಿ ಮೈಸೂರು ಭಾರತ ಒಕ್ಕೂಟಕ್ಕೆ ಸೇರುವ ಪತ್ರಕ್ಕೆ ಮಹಾರಾಜರು ಸಹಿ ಹಾಕಿದ್ದರು. ಇದಕ್ಕಾಗಿ ದೆಹಲಿ ಅವರನ್ನು ಬಲವಂತಪಡಿಸಬೇಕಾಗಿ ಬರಲಿಲ್ಲ. ಆದರೆ ಒಕ್ಕೂಟಕ್ಕೆ ಸೇರುವುದು ಒಂದು ವಿಷಯ, ಸಂಸ್ಥಾನದೊಳಗಿನ ಅಧಿಕಾರವನ್ನು ಜನಪ್ರತಿನಿಧಿಗಳಿಗೆ ಒಪ್ಪಿಸುವುದು ಇನ್ನೊಂದು ವಿಷಯ. ಆಗಸ್ಟ್ 15ರಂದು ದೇಶಕ್ಕೆಲ್ಲ ಸ್ವಾತಂತ್ರ್ಯ ಬಂದಾಗ ಮೈಸೂರಿನಲ್ಲಿ ಇನ್ನೂ ದಿವಾನರ ಆಡಳಿತವೇ ನಡೆದಿತ್ತು, ಆರ್ಕಾಟ್ ರಾಮಸ್ವಾಮಿ ಮೊದಲಿಯಾರರು ದಿವಾನರಾಗಿದ್ದರು. 1881ರಷ್ಟು ಹಿಂದೆಯೇ ಪ್ರಜಾಪ್ರತಿನಿಧಿ ಸಭೆಯನ್ನು ಕಂಡಿದ್ದ ಸಂಸ್ಥಾನದ ಜನ ಇನ್ನು ಕಾಯಲು ಸಿದ್ಧರಿರಲಿಲ್ಲ. ಸೆಪ್ಟೆಂಬರ್ ಮೊದಲ ವಾರದಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ 'ಮೈಸೂರು ಚಲೋ' ಚಳವಳಿ ಶುರುವಾಯಿತು. ನಾಯಕರು ಜೈಲು ಸೇರಿದರು, ಶಾಲೆ ಕಾಲೇಜುಗಳ ಹುಡುಗರು ಬೀದಿಗೆ ಇಳಿದರು, ಹಳ್ಳಿಗಳಿಂದ ಜನ ಹೊರಟು ಬಂದರು.

ಮೈಸೂರಿಗೆ ಹೋದಾಗ ನೀವು ರಾಮಸ್ವಾಮಿ ವೃತ್ತವನ್ನು ಹಾದುಹೋಗಿರಬಹುದು. ಬಸ್ಸಿನ ಕಂಡಕ್ಟರು ದಿನಕ್ಕೆ ಎಷ್ಟೋ ಸಲ ಕೂಗುವ ಆ ಹೆಸರು ಚಳವಳಿಯಲ್ಲಿ ಗುಂಡೇಟಿಗೆ ಬಲಿಯಾದ ಒಬ್ಬ ಶಾಲಾ ವಿದ್ಯಾರ್ಥಿಯದು. ಅರಮನೆಯಿಂದ ಅಲ್ಲಿಗೆ ನಡೆದೇ ಹೋಗಬಹುದು. ಮಹಾರಾಜರ ಔದಾರ್ಯವನ್ನು ಕೊಂಡಾಡುವ ಯಾವ ಭಾಷಣವೂ ಆ ಹುಡುಗನನ್ನು ಮರೆತು ಮುಂದೆ ಹೋಗಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಗುಂಡು ಹಾರಿಸಿದವರು ಅರಸರ ಹೆಸರಿನಲ್ಲಿಯೇ ಆಡಳಿತ ನಡೆಸುತ್ತಿದ್ದ ಸರ್ಕಾರದವರಾಗಿದ್ದರು. ತಪ್ಪನ್ನೆಲ್ಲ ದಿವಾನರ ತಲೆಗೆ ಕಟ್ಟಿ ಅರಮನೆಯನ್ನು ಬಿಡಿಸಿಕೊಳ್ಳುವುದು ಹಳೆಯ ಅಭ್ಯಾಸ, ಆದರೆ ನ್ಯಾಯವಲ್ಲ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಚಳವಳಿ ಎರಡು ತಿಂಗಳಿಗಿಂತ ಮುಂದುವರಿಯಲಿಲ್ಲ. ಅಕ್ಟೋಬರಿನಲ್ಲಿ ಒಪ್ಪಂದವಾಯಿತು, ಅದೇ ತಿಂಗಳ 25ರಂದು ಚಳವಳಿಯ ಮುಂಚೂಣಿಯಲ್ಲಿದ್ದ ಕೆ.ಸಿ. ರೆಡ್ಡಿಯವರೇ ಮುಖ್ಯಮಂತ್ರಿಯಾದರು. ಅದೇ ಹೊತ್ತಿನಲ್ಲಿ ಹೈದರಾಬಾದಿನಲ್ಲಿ ಏನು ನಡೆಯುತ್ತಿತ್ತು ಎಂಬುದನ್ನು ಕಲಬುರಗಿ, ಬೀದರ, ರಾಯಚೂರಿನ ಹಿರಿಯರನ್ನು ಕೇಳಿ ನೋಡಿ. ಅಲ್ಲಿ ಒಂದು ವರ್ಷ ರಜಾಕಾರರ ಹಾವಳಿ ನಡೆದು, ಕೊನೆಗೆ 1948ರ ಸೆಪ್ಟೆಂಬರಿನಲ್ಲಿ ಸೈನ್ಯವೇ ಬರಬೇಕಾಯಿತು. ಮೈಸೂರಿನಲ್ಲಿ ಹಾಗಾಗಲಿಲ್ಲ. ಸಂವಿಧಾನ ಸಿದ್ಧವಾದಾಗ, 1949ರ ನವೆಂಬರ್ 25ರಂದು, ಭಾರತದ ಸಂವಿಧಾನವೇ ಮೈಸೂರಿನ ಸಂವಿಧಾನ ಎಂದು ಮಹಾರಾಜರು ಘೋಷಣೆ ಹೊರಡಿಸಿದರು. ಜನ ಹೋರಾಡಿ ಪಡೆದರು, ಅರಸರು ಹಟ ಹಿಡಿಯದೆ ಕೊಟ್ಟರು ಎಂದರೆ ಎರಡೂ ಕಡೆಯ ಸತ್ಯಕ್ಕೆ ಮೋಸವಾಗದು. ನಿಮ್ಮ ಅಧ್ಯಾಪಕರಿಗೆ ನನ್ನ ನಮಸ್ಕಾರ ತಿಳಿಸಿ.

ಪ್ರಶ್ನೆ: ತಾನೇ ಆಳಿದ ನಾಡಿನಲ್ಲಿ ರಾಜ್ಯಪಾಲನಾಗುವುದು ಅವರಿಗೆ ಅವಮಾನ ಅನ್ನಿಸಲಿಲ್ಲವೇ? (ತುಮಕೂರು)

ಉತ್ತರ: ಅವರ ಮನಸ್ಸಿನೊಳಗೆ ಏನಿತ್ತೆಂದು ಹೇಳಲು ನಾನು ಯಾರು? ಅವರು ಮಾಡಿದ್ದನ್ನು ಮಾತ್ರ ನೋಡೋಣ. 1950ರ ಜನವರಿ 26ರಿಂದ ಅವರು ಮೈಸೂರು ರಾಜ್ಯದ ರಾಜಪ್ರಮುಖರಾದರು, ಎಂದರೆ ಹಿಂದೆ ಸಂಸ್ಥಾನವಾಗಿದ್ದ ರಾಜ್ಯಕ್ಕೆ ರಾಜ್ಯಪಾಲರ ಸಮಾನ ಹುದ್ದೆ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ರಾಜಪ್ರಮುಖ ಎಂಬ ಹುದ್ದೆಯೇ ಇಲ್ಲವಾದಾಗ ವಿಶಾಲ ಮೈಸೂರು ರಾಜ್ಯದ ರಾಜ್ಯಪಾಲರಾದರು, 1964ರವರೆಗೆ ಆ ಸ್ಥಾನದಲ್ಲಿದ್ದರು. ಆಮೇಲೆ 1966ರವರೆಗೆ ಮದರಾಸು ರಾಜ್ಯದ ರಾಜ್ಯಪಾಲರಾಗಿದ್ದರು. ಎಂದರೆ ಅರಸರಾಗಿದ್ದ ಕಾಲಕ್ಕಿಂತ ಸಂವಿಧಾನದ ಅಡಿಯಲ್ಲಿ ಹುದ್ದೆ ನಿರ್ವಹಿಸಿದ ಕಾಲವೇ ಹೆಚ್ಚು.

ರಾಜ್ಯಪಾಲರ ಕೆಲಸ ಹೇಗಿರುತ್ತದೆ ಎಂಬುದನ್ನು ಸ್ವಲ್ಪ ಕಣ್ಣ ಮುಂದೆ ತಂದುಕೊಳ್ಳಿ. ವರ್ಷಕ್ಕೊಮ್ಮೆ ಉಭಯ ಸದನಗಳ ಮುಂದೆ ನಿಂತು ಭಾಷಣ ಓದಬೇಕು. ಆ ಭಾಷಣದ ಒಂದು ವಾಕ್ಯವೂ ತನ್ನದಲ್ಲ, ಮಂತ್ರಿಮಂಡಲ ಬರೆದುಕೊಟ್ಟದ್ದು. 'ನನ್ನ ಸರ್ಕಾರ' ಎಂದು ಓದಬೇಕು, ಆದರೆ ಸರ್ಕಾರ ನಡೆಸುವವರು ನಿಜಲಿಂಗಪ್ಪನವರು, ಜತ್ತಿಯವರು. ಕೆಂಗಲ್ ಹನುಮಂತಯ್ಯನವರು ಕಟ್ಟಿಸಿದ ವಿಧಾನಸೌಧದಲ್ಲಿ, ತಾತಮುತ್ತಾತಂದಿರ ಆಜ್ಞೆಯೇ ಕಾನೂನಾಗಿದ್ದ ಮನೆತನದವರೊಬ್ಬರು, ಇನ್ನೊಬ್ಬರ ಮಾತನ್ನು ಯಥಾವತ್ತಾಗಿ ಓದಿ ಕುಳಿತುಕೊಳ್ಳುವುದು ಸಣ್ಣ ಸಂಗತಿಯಲ್ಲ. ಅಷ್ಟು ವರ್ಷ ಅದನ್ನು ನಡೆಸಿದರು. ಹೊಸ ಪ್ರಜಾಪ್ರಭುತ್ವಕ್ಕೆ ಕಾನೂನಿನ ಪುಸ್ತಕ ಎಷ್ಟು ಬೇಕೋ ಇಂಥ ನಡವಳಿಕೆಯೂ ಅಷ್ಟೇ ಬೇಕು. ರಾಜನೇ ಮಂತ್ರಿಯ ಮಾತಿಗೆ ಬದ್ಧನಾದದ್ದನ್ನು ಕಂಡ ಹಳ್ಳಿಯ ಜನಕ್ಕೆ ಅಧಿಕಾರ ಯಾರ ಕೈಗೆ ಬಂತೆಂದು ಬೇರೆಯಾಗಿ ಪಾಠ ಹೇಳಬೇಕಾಗಲಿಲ್ಲ.

ಏಕೀಕರಣದ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಹಳೆಯ ಮೈಸೂರು ಒಂಬತ್ತು ಜಿಲ್ಲೆಗಳ ಸಂಸ್ಥಾನ. ಮುಂಬಯಿ ಕರ್ನಾಟಕ, ಹೈದರಾಬಾದ್ ಕರ್ನಾಟಕ, ದಕ್ಷಿಣ ಕನ್ನಡ, ಕೊಡಗು, ಬಳ್ಳಾರಿ ಎಲ್ಲವೂ ಸೇರಿ ಹತ್ತೊಂಬತ್ತು ಜಿಲ್ಲೆಗಳ ರಾಜ್ಯವಾಗುವಾಗ ಹಳೆಯ ಮೈಸೂರಿನ ಅನೇಕ ಪ್ರಮುಖರಿಗೇ ಅದು ಬೇಡವಾಗಿತ್ತು. ನಮ್ಮ ವಿದ್ಯುತ್ತು, ನಮ್ಮ ಕಾರ್ಖಾನೆ, ನಮ್ಮ ಖಜಾನೆಯನ್ನು ಹಂಚಿಕೊಳ್ಳಬೇಕಾಗುತ್ತದೆ ಎಂಬ ಭಯ ಬಹಿರಂಗವಾಗಿಯೇ ಇತ್ತು. ಮಹಾರಾಜರು ಅಪಸ್ವರ ಎತ್ತಿದ್ದರೆ ಆ ಭಯಕ್ಕೆ ದೊಡ್ಡ ಬಲ ಸಿಗುತ್ತಿತ್ತು. ಅವರು ಏಕೀಕರಣದ ಪರ ನಿಂತರು. ಹುಬ್ಬಳ್ಳಿ, ಬೆಳಗಾವಿ, ಕಲಬುರಗಿಯ ಕನ್ನಡಿಗರಿಗೆ ಒಡೆಯರ ಮನೆತನದ ಬಗ್ಗೆ ಮೈಸೂರಿನವರಿಗಿರುವ ಭಾವುಕತೆ ಇಲ್ಲ, ಇರಬೇಕಾಗಿಯೂ ಇಲ್ಲ. ಆದರೆ ಈ ಒಂದು ನಿಲುವಿಗಾಗಿ ಅವರೂ ಜಯಚಾಮರಾಜೇಂದ್ರರನ್ನು ನೆನೆಯಬಹುದು.

ಪ್ರಶ್ನೆ: ನಾನು ಹತ್ತು ವರ್ಷಗಳಿಂದ ಲಂಡನ್ನಿನಲ್ಲಿದ್ದೇನೆ. ಇಲ್ಲಿಯ ಫಿಲ್ಹಾರ್ಮೋನಿಯಾ ವಾದ್ಯವೃಂದಕ್ಕೂ ನಮ್ಮ ಮೈಸೂರಿನ ಮಹಾರಾಜರಿಗೂ ಸಂಬಂಧವಿದೆ ಎಂದು ಸಹೋದ್ಯೋಗಿಯೊಬ್ಬರು ಹೇಳಿದಾಗ ನನಗೆ ಏನೂ ಗೊತ್ತಿರಲಿಲ್ಲವೆಂದು ನಾಚಿಕೆಯಾಯಿತು. ವಿವರವಾಗಿ ತಿಳಿಸುವಿರಾ? (ಲಂಡನ್)

ಉತ್ತರ: ನಾಚಿಕೆ ಬೇಡ, ಇದು ಮೈಸೂರಿನಲ್ಲಿಯೇ ಬಹಳ ಜನರಿಗೆ ಗೊತ್ತಿಲ್ಲ. ಬಾಲ್ಯದಿಂದಲೂ ಪಿಯಾನೋ ಕಲಿತ ಮಹಾರಾಜರು ಆ ವಿದ್ಯೆಯಲ್ಲಿ ಪರೀಕ್ಷೆ ಕಟ್ಟಿ ತೇರ್ಗಡೆಯಾದವರು. ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜು 1945ರಲ್ಲಿ ಅವರಿಗೆ ಗೌರವ ಫೆಲೋಶಿಪ್ ಕೊಟ್ಟಿತು. ಅರಮನೆಯಲ್ಲಿ ಸಾವಿರಾರು ಗ್ರಾಮಾಫೋನ್ ತಟ್ಟೆಗಳ ಸಂಗ್ರಹವಿತ್ತು. ವಾಲ್ಟರ್ ಲೆಗ್ ಎಂಬುವರು 1945ರಲ್ಲಿ ಫಿಲ್ಹಾರ್ಮೋನಿಯಾ ವಾದ್ಯವೃಂದವನ್ನು ಕಟ್ಟಿದರು. ಯುದ್ಧ ಮುಗಿದ ಇಂಗ್ಲೆಂಡಿನಲ್ಲಿ ಊಟದ ಸಾಮಾನಿಗೇ ಪಡಿತರ ಚೀಟಿ ಹಿಡಿದು ನಿಲ್ಲುವ ಕಾಲ ಅದು, ಸಂಗೀತಕ್ಕೆ ಹಣ ಎಲ್ಲಿಂದ ಬರಬೇಕು? ಲೆಗ್ ಮೈಸೂರಿಗೆ ಬಂದರು. ಮಹಾರಾಜರು ಆ ವಾದ್ಯವೃಂದದ ಕಛೇರಿಗಳಿಗೆ ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷ ಕೊಡಲು ಒಪ್ಪಿಕೊಂಡರು, 1948ರಲ್ಲಿ ಫಿಲ್ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಆದರು.

ಅದಕ್ಕಿಂತಲೂ ನನ್ನ ಮನಸ್ಸನ್ನು ಹೆಚ್ಚು ತಟ್ಟುವುದು ನಿಕೊಲಾಯ್ ಮೆಟ್ನರ್ ಅವರ ಸಂಗತಿ. ರಷ್ಯಾದಲ್ಲಿ ಹುಟ್ಟಿ, ಕ್ರಾಂತಿಯ ನಂತರ ದೇಶ ಬಿಟ್ಟು, ಲಂಡನ್ನಿನಲ್ಲಿ ನೆಲೆಸಿದ್ದ ಈ ವಾಗ್ಗೇಯಕಾರರ ಆರೋಗ್ಯ ಕೆಟ್ಟಿತ್ತು, ಕೈಯಲ್ಲಿ ಹಣವಿರಲಿಲ್ಲ, ಜನ ಅವರನ್ನು ಹೆಚ್ಚುಕಡಿಮೆ ಮರೆತೇ ಬಿಟ್ಟಿದ್ದರು. ಅವರ ಸಂಗೀತವನ್ನು ಬಹುವಾಗಿ ಮೆಚ್ಚಿದ್ದ ಮಹಾರಾಜರು, ಮೆಟ್ನರ್ ಬದುಕಿರುವಾಗಲೇ, ಅವರ ಬೆರಳುಗಳಿಂದಲೇ, ಅವರ ಕೃತಿಗಳನ್ನು ಧ್ವನಿಮುದ್ರಿಸುವ ಏರ್ಪಾಡು ಮಾಡಿದರು. ಫಿಲ್ಹಾರ್ಮೋನಿಯಾದ ಜೊತೆಯಲ್ಲಿ ಮೆಟ್ನರ್ ತಮ್ಮ ಮೂರು ಪಿಯಾನೋ ಕಾನ್ಸರ್ಟೋಗಳನ್ನೂ ನುಡಿಸಿದರು. ಮೂರನೆಯದನ್ನು ಅವರು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ್ದಾರೆ. 1951ರಲ್ಲಿ ಮೆಟ್ನರ್ ತೀರಿಕೊಂಡರು. ಮೂರು ನಾಲ್ಕು ವರ್ಷ ತಡವಾಗಿದ್ದರೆ ಆ ಧ್ವನಿಮುದ್ರಣ ಯಾವ ಹಣದಿಂದಲೂ ಸಾಧ್ಯವಾಗುತ್ತಿರಲಿಲ್ಲ. ಇಂದು ಮೆಟ್ನರ್ ಸಂಗೀತವನ್ನು ಅಭ್ಯಾಸ ಮಾಡುವ ಯಾವ ದೇಶದ ಪಿಯಾನೋ ವಾದಕರಾದರೂ ಆ ತಟ್ಟೆಗಳಿಗೇ ಕಿವಿ ಕೊಡುತ್ತಾರೆ.

ಇನ್ನೊಂದು ಘಟನೆ 1950ರ ಮೇ 22ರದು. ಹಿಂದಿನ ವರ್ಷ ತೀರಿಕೊಂಡಿದ್ದ ಜರ್ಮನಿಯ ರಿಚರ್ಡ್ ಸ್ಟ್ರಾಸ್ ತಮ್ಮ ಕೊನೆಗಾಲದಲ್ಲಿ ಬರೆದಿಟ್ಟ ನಾಲ್ಕು ಹಾಡುಗಳನ್ನು ಅಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊತ್ತಮೊದಲ ಬಾರಿಗೆ ಹಾಡಲಾಯಿತು. ಹಾಡಿದವರು ನಾರ್ವೆಯ ಕರ್ಸ್ಟನ್ ಫ್ಲಾಗ್‌ಸ್ಟಾಡ್, ವಾದ್ಯವೃಂದವನ್ನು ನಡೆಸಿದವರು ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್, ಖರ್ಚಿಗೆ ಖಾತರಿಯಾಗಿ ನಿಂತವರು ಜಯಚಾಮರಾಜೇಂದ್ರರು. ಅವರು ಆ ಸಭೆಯಲ್ಲಿ ಇರಲಿಲ್ಲ. ಅವರಿಗೆ ಕಳುಹಿಸಲೆಂದು ಕಛೇರಿಯನ್ನು ತಟ್ಟೆಗಳ ಮೇಲೆ ಮುದ್ರಿಸಿಕೊಂಡರು. ಆ ಮುದ್ರಣ ಇಂದಿಗೂ ಕೇಳಲು ಸಿಗುತ್ತದೆ. ಮರಳು ಸುರಿದಂಥ ಗೀರುಸದ್ದಿನ ಹಿಂದಿನಿಂದ ಆಕೆಯ ಕಂಠ ಮೇಲೇಳುವುದನ್ನು ಕೇಳುವಾಗಲೆಲ್ಲ ನನಗೆ ಒಂದು ಚಿತ್ರ ಮನಸ್ಸಿಗೆ ಬರುತ್ತದೆ: ಸಿಂಹಾಸನ ಹೋಗಿ ನಾಲ್ಕು ತಿಂಗಳಾದ, ಇನ್ನೂ ಮೂವತ್ತೊಂದು ತುಂಬದ ಒಬ್ಬ ವ್ಯಕ್ತಿ, ಮೈಸೂರಿನ ಅರಮನೆಯಲ್ಲಿ ಕುಳಿತು, ಎಂಬತ್ತು ದಾಟಿದ ಮುದುಕನೊಬ್ಬ ಲೋಕಕ್ಕೆ ವಿದಾಯ ಹೇಳುತ್ತಾ ಬರೆದ ಹಾಡನ್ನು ಕೇಳುತ್ತಿದ್ದಾರೆ.

ನಿಮ್ಮ ಸಹೋದ್ಯೋಗಿಗೆ ಇದನ್ನು ಹೇಳಿ. ಅವರಿಗೂ ಇಷ್ಟು ಗೊತ್ತಿರಲಿಕ್ಕಿಲ್ಲ.

ಪ್ರಶ್ನೆ: ಇಲ್ಲಿ ರೈತ ಕಂದಾಯ ಕಟ್ಟುತ್ತಿದ್ದ, ಅಲ್ಲಿ ಲಂಡನ್ನಿನಲ್ಲಿ ಪಿಟೀಲು ಬಾರಿಸುವವರಿಗೆ ದುಡ್ಡು ಹೋಗುತ್ತಿತ್ತು. ಇದನ್ನು ಹೊಗಳುವುದಕ್ಕೆ ನಿಮಗೆ ಮನಸ್ಸಾದರೂ ಹೇಗೆ ಬರುತ್ತದೆ? (ಮಂಡ್ಯ)

ಉತ್ತರ: ಸ್ವಾಮಿ, ನಿಮ್ಮ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ಅರಮನೆಯ ಹಣವೆಂದರೆ ಮೂಲದಲ್ಲಿ ನೇಗಿಲು ಹಿಡಿದವರ ಹಣವೇ. ಅರಸರ ಸ್ವಂತ ವೆಚ್ಚ ಎಂದು ಲೆಕ್ಕದಲ್ಲಿ ಬೇರೆ ತೋರಿಸಿದರೂ ಅದು ಆಕಾಶದಿಂದ ಉದುರಿದ್ದಲ್ಲ. ಲಂಡನ್ನಿನ ಕಛೇರಿಗೆ ಹೋದ ಹಣದಲ್ಲಿ ಮಂಡ್ಯ ಸೀಮೆಯ ಒಂದು ಊರಿಗೆ ಆಸ್ಪತ್ರೆ ಬರಬಹುದಿತ್ತು ಎಂದು ನೀವು ಹೇಳಿದರೆ ನನ್ನ ಬಳಿ ಅದಕ್ಕೆ ಎದುರುತ್ತರವಿಲ್ಲ. ಹಾಗೆ ಕೇಳುವ ಹಕ್ಕು ನಿಮಗೆ ಅಂದೂ ಇರಬೇಕಿತ್ತು. ಕೇಳಿದವರಿಗೆ ಲೆಕ್ಕ ಕೊಡುವ ಸರ್ಕಾರ ಬೇಕೆಂದೇ ಜನ ಮೈಸೂರಿಗೆ ಹೊರಟಿದ್ದು.

ನನಗೆ ಕಾಣುವುದು ಇಷ್ಟೇ: ಅಂದಿನ ಅರಸರ ದುಡ್ಡು ಬಹಳ ಕಡೆ ಕುದುರೆ, ಕಾರು, ಒಡವೆ, ವಿದೇಶದ ಹೋಟೆಲುಗಳಿಗೆ ಹರಿದುಹೋಯಿತು, ಹಿಂದೆ ಏನೂ ಉಳಿಯಲಿಲ್ಲ. ಇವರು ಕೊಟ್ಟ ಕಡೆ ಒಂದು ವಾದ್ಯವೃಂದ ಉಳಿಯಿತು, ಒಬ್ಬ ಮರೆತುಹೋದ ಕಲಾವಿದನ ಜೀವಮಾನದ ಕೆಲಸ ಉಳಿಯಿತು. ಇದು ನಿಮ್ಮ ಆಕ್ಷೇಪಕ್ಕೆ ಸಮಾಧಾನವಲ್ಲ, ನನ್ನ ಮೆಚ್ಚುಗೆಗೆ ಕಾರಣ ಮಾತ್ರ. ಎರಡೂ ಒಟ್ಟಿಗೆ ಇರಬಹುದು.

ಪ್ರಶ್ನೆ: ಅವರು ಕರ್ನಾಟಕ ಸಂಗೀತದ ಕೀರ್ತನೆಗಳನ್ನು ರಚಿಸಿದ್ದಾರಂತೆ. ಕನ್ನಡದಲ್ಲಿ ಏಕೆ ರಚಿಸಲಿಲ್ಲ? ಕನ್ನಡಕ್ಕೆ ಅವರು ಏನು ಕೊಟ್ಟರು? (ಧಾರವಾಡ)

ಉತ್ತರ: ಅವರು 94 ಕೃತಿಗಳನ್ನು ರಚಿಸಿದ್ದಾರೆ, ಎಲ್ಲವೂ ಸಂಸ್ಕೃತದಲ್ಲಿವೆ, ಅಂಕಿತ 'ಶ್ರೀವಿದ್ಯಾ'. ಪಾಶ್ಚಾತ್ಯ ಸಂಗೀತದಲ್ಲಿ ಮುಳುಗಿದ್ದ ತರುಣ ಅರಸರು ಮೈಸೂರು ವಾಸುದೇವಾಚಾರ್ಯರ ಪ್ರಭಾವದಿಂದ ನಮ್ಮ ಸಂಗೀತದ ಒಳಮನೆಗೆ ಬಂದರು, ವೀಣೆಯನ್ನು ವೆಂಕಟಗಿರಿಯಪ್ಪನವರ ಬಳಿ ಕಲಿತರು. ಶ್ರೀವಿದ್ಯೆಯ ಉಪಾಸಕರಾಗಿದ್ದರಿಂದ ಕೃತಿಗಳಲ್ಲಿ ದೇವಿಯ ಸ್ತುತಿಯೇ ಹೆಚ್ಚು, ಮಂತ್ರಶಾಸ್ತ್ರದ ಮಾತುಗಳು ದಟ್ಟವಾಗಿವೆ. ಅಂಥ ವಸ್ತುವಿಗೆ ಅವರಿಗೆ ಸಂಸ್ಕೃತ ಸಹಜವಾಗಿ ಒದಗಿರಬೇಕು. ಗಂಭೀರನಾಟ, ಅಠಾಣದ ಕೃತಿಗಳನ್ನು ನೀವು ಕಛೇರಿಗಳಲ್ಲಿ ಕೇಳಿರುತ್ತೀರಿ, ರಚಿಸಿದವರು ಯಾರೆಂದು ಗಮನಿಸಿರಲಿಕ್ಕಿಲ್ಲ. ಬೇರೆಯವರು ಹೆಚ್ಚು ಮುಟ್ಟದ ಅಪರೂಪದ ರಾಗಗಳನ್ನೂ ಅವರು ಎತ್ತಿಕೊಂಡಿದ್ದಾರೆ. ಕೇಂದ್ರ ಸಂಗೀತ ನಾಟಕ ಅಕಾಡೆಮಿ 1966ರಲ್ಲಿ ಫೆಲೋಶಿಪ್ ನೀಡಿ ಗೌರವಿಸಿದ್ದು ಪದವಿ ಕಳೆದುಕೊಂಡ ಒಬ್ಬ ಅರಸರನ್ನಲ್ಲ, ಸಂಗೀತಗಾರರನ್ನು.

ಕನ್ನಡಕ್ಕೆ ಏನು ಎಂದು ಕೇಳಿದಿರಿ. ನನ್ನ ಬಾಲ್ಯದ ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಮೇಲಿನ ಸಾಲಿನ ಪೂರ್ತಿ ಒಂದು ಹಲಗೆಯನ್ನು ಒಂದೇ ಬಗೆಯ ರಟ್ಟಿನ ದಪ್ಪ ಸಂಪುಟಗಳು ಆಕ್ರಮಿಸಿಕೊಂಡಿದ್ದವು. ಮೈಮೇಲೆ 'ಶ್ರೀ ಜಯಚಾಮರಾಜೇಂದ್ರ ಗ್ರಂಥರತ್ನಮಾಲಾ' ಎಂದಿತ್ತು. ಏಣಿ ಹಾಕಿ ಒಂದನ್ನು ಇಳಿಸಿಕೊಂಡರೆ ಕೈಗೆಲ್ಲ ಧೂಳು, ಹಾಳೆಗೆ ಹಳೆಯ ಅಂಟಿನ ವಾಸನೆ. ಬಿಚ್ಚಿದರೆ ಋಗ್ವೇದ: ಮೇಲೆ ಕನ್ನಡ ಲಿಪಿಯಲ್ಲಿ ಮಂತ್ರ, ಕೆಳಗೆ ಸಾಯಣರ ಭಾಷ್ಯ, ಅದರ ಕೆಳಗೆ ಪದಕ್ಕೆ ಪದ ಅರ್ಥ, ತಾತ್ಪರ್ಯ, ಎಲ್ಲವೂ ಕನ್ನಡದಲ್ಲಿ. 1940ರ ದಶಕದಲ್ಲಿ ಆರಂಭವಾಗಿ ಮೂವತ್ತಕ್ಕೂ ಹೆಚ್ಚು ಸಂಪುಟಗಳಲ್ಲಿ ಬಂದ ಈ ಕೆಲಸಕ್ಕೆ ವಿದ್ವಾಂಸರ ಒಂದು ತಂಡವನ್ನೇ ಅರಮನೆ ಇಟ್ಟುಕೊಂಡಿತ್ತು. ಪುರಾಣಗಳ ಅನುವಾದಗಳೂ ಇದೇ ಮಾಲೆಯಲ್ಲಿ ಬಂದವು. ವೇದವನ್ನು ಕೇಳುವುದಕ್ಕೂ ಅಧಿಕಾರ ಬೇಕು ಎನ್ನುತ್ತಿದ್ದ ಸಮಾಜದಲ್ಲಿ, ಸಂಸ್ಕೃತ ಬಾರದ, ಯಾವ ಜಾತಿಯವನಾದರೂ ಸರಿ, ಕನ್ನಡ ಓದಬಲ್ಲವನೊಬ್ಬ ಊರ ಗ್ರಂಥಾಲಯದ ಬೆಂಚಿನ ಮೇಲೆ ಕುಳಿತು ಋಗ್ವೇದವನ್ನು ತಾನೇ ಓದಿ ಒಪ್ಪಬಹುದು, ತಾನೇ ಓದಿ ವಿರೋಧಿಸಲೂಬಹುದು ಎಂಬಂತಾಯಿತು. ಇದು ಎಷ್ಟು ದೊಡ್ಡದೆಂದು ನನಗೆ ಆಗ ತಿಳಿದಿರಲಿಲ್ಲ. ಕನ್ನಡಕ್ಕೆ ಅವರು ಕೊಟ್ಟದ್ದರಲ್ಲಿ ನಾನು ಇದನ್ನು ಎಲ್ಲಕ್ಕಿಂತ ಮೇಲೆ ಇಡುತ್ತೇನೆ.

ಪ್ರಶ್ನೆ: ಬೇಟೆಯಾಡುತ್ತಿದ್ದ ರಾಜರೇ ಕಾಡು ಉಳಿಸಿದರು ಎನ್ನುವುದು ಎಷ್ಟು ಸರಿ? (ಗುಂಡ್ಲುಪೇಟೆ)

ಉತ್ತರ: ಮೈಸೂರು ಅರಮನೆಯ ಇತಿಹಾಸದಲ್ಲಿ ಬೇಟೆಯೂ ಉಂಟು, ಕಾಡಾನೆಗಳನ್ನು ಹಿಡಿಯುವ ಕಾಕನಕೋಟೆಯ ಖೆಡ್ಡಾಗಳೂ ಉಂಟು. ಬೇಟೆಗೆ ಪ್ರಾಣಿಗಳು ಬೇಕೆಂದೇ ಅರಸರು ಕಾಡನ್ನು ಬೇಲಿ ಹಾಕಿ ಕಾದರು ಎಂಬ ಮಾತಿನಲ್ಲಿಯೂ ಹುರುಳಿದೆ, ಆ ಬೇಲಿಯಿಂದ ಹೊರಗುಳಿದ ಸೋಲಿಗರ, ಜೇನುಕುರುಬರ ಕಷ್ಟವನ್ನೂ ಮರೆಯುವಂತಿಲ್ಲ. ಆದರೆ ನಿಮ್ಮ ಮನೆಯ ಹತ್ತಿರದ ಬಂಡೀಪುರವನ್ನೇ ನೋಡಿ. 1931ರಲ್ಲಿ 90 ಚದರ ಕಿಲೋಮೀಟರಿನ ಅಭಯಾರಣ್ಯವಾಗಿದ್ದದ್ದು, 1941ರಲ್ಲಿ ವೇಣುಗೋಪಾಲ ವನ್ಯಜೀವಿ ಉದ್ಯಾನವಾಗಿ ಸುಮಾರು 800 ಚದರ ಕಿಲೋಮೀಟರಿಗೆ ವಿಸ್ತರಿಸಿತು. 1973ರಲ್ಲಿ ಹುಲಿ ಯೋಜನೆ ಬಂದಾಗ ದೇಶದ ಮೊದಲ ಒಂಬತ್ತು ತಾಣಗಳಲ್ಲಿ ಅದು ಸೇರಲು ಸಾಧ್ಯವಾದದ್ದು ಇಷ್ಟು ಕಾಡು ಉಳಿದಿದ್ದರಿಂದ.

1952ರಲ್ಲಿ ಭಾರತ ಸರ್ಕಾರ ವನ್ಯಜೀವಿ ಮಂಡಳಿಯನ್ನು ರಚಿಸಿದಾಗ ಅದರ ಮೊದಲ ಅಧ್ಯಕ್ಷರಾದವರು ಜಯಚಾಮರಾಜೇಂದ್ರರು, ಮಂಡಳಿಯ ಮೊದಲ ಸಭೆ ಸೇರಿದ್ದೂ ಮೈಸೂರಿನಲ್ಲಿಯೇ. ಬಂದೂಕು ಹಿಡಿದ ಮನೆತನದವರೊಬ್ಬರು ಬಂದೂಕಿಗೆ ಕಡಿವಾಣ ಹಾಕುವ ಮಂಡಳಿಯ ತಲೆಯಲ್ಲಿ ಕುಳಿತಾಗ ಉಳಿದ ಶಿಕಾರಿಗಳಿಗೆ ಅದರ ಅರ್ಥ ಚೆನ್ನಾಗಿಯೇ ತಿಳಿದಿರುತ್ತದೆ.

ಪ್ರಶ್ನೆ: ರಾಜಧನ ರದ್ದಾದ ಮೇಲೆ ಈ ಮನೆತನಕ್ಕೆ ಯಾವ ಪ್ರಭಾವ ಉಳಿದಿದೆ? ಇಂದಿಗೂ ಜನ ಕಾಲಿಗೆ ಬೀಳುವುದನ್ನು ನೋಡಿದರೆ ಬೇಸರವಾಗುತ್ತದೆ. (ಬೆಂಗಳೂರು)

ಉತ್ತರ: ವಿಲೀನದ ಕಾಲದ ಒಪ್ಪಂದದಂತೆ ಮೈಸೂರಿನ ಮಹಾರಾಜರಿಗೆ ವರ್ಷಕ್ಕೆ 26 ಲಕ್ಷ ರೂಪಾಯಿ ರಾಜಧನ ನಿಗದಿಯಾಗಿತ್ತು. 1970ರ ಸೆಪ್ಟೆಂಬರಿನಲ್ಲಿ ಅರಸರ ಮಾನ್ಯತೆಯನ್ನು ರದ್ದುಮಾಡಿ ರಾಷ್ಟ್ರಪತಿಯವರ ಆದೇಶ ಹೊರಟಿತು, ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು, ಕೊನೆಗೆ 1971ರ ಡಿಸೆಂಬರಿನಲ್ಲಿ ಸಂವಿಧಾನದ 26ನೆಯ ತಿದ್ದುಪಡಿ ಬಂದು ರಾಜಧನವೂ ಬಿರುದುಗಳೂ ಹೋದವು. ಅದು ಆಗಬೇಕಾದದ್ದೇ ಆಗಿತ್ತು ಎಂದು ನಾನು ನಂಬಿದ್ದೇನೆ. ಹುಟ್ಟಿನ ಕಾರಣಕ್ಕೆ ಒಬ್ಬರಿಗೆ ಖಜಾನೆಯಿಂದ ಹಣ ಹೋಗುವುದು ಗಣರಾಜ್ಯಕ್ಕೆ ಒಪ್ಪುವುದಿಲ್ಲ. ಅದಾದ ಮೂರು ವರ್ಷದೊಳಗೆ, 1974ರ ಸೆಪ್ಟೆಂಬರ್ 23ರಂದು, ಐವತ್ತೈದನೆಯ ವಯಸ್ಸಿನಲ್ಲಿ ಜಯಚಾಮರಾಜೇಂದ್ರರು ಬೆಂಗಳೂರಿನ ಅರಮನೆಯಲ್ಲಿ ತೀರಿಕೊಂಡರು.

ಅವರ ಮಗ ಶ್ರೀಕಂಠದತ್ತ ನರಸಿಂಹರಾಜ ಒಡೆಯರು ಮೈಸೂರಿನಿಂದ ನಾಲ್ಕು ಸಲ ಲೋಕಸಭೆಗೆ ಗೆದ್ದರು, ಎರಡು ಸಲ ಅದೇ ಮೈಸೂರಿನಲ್ಲಿ ಸೋತರು. ಈ ಸೋಲುಗಳು ನಿಮ್ಮ ಬೇಸರಕ್ಕೆ ಒಳ್ಳೆಯ ಮದ್ದು. ದಸರೆಯಲ್ಲಿ ಕೈಮುಗಿದ ಕೈಗಳೇ ಮತಗಟ್ಟೆಯಲ್ಲಿ ಬೇರೆ ಚಿಹ್ನೆಗೆ ಒತ್ತಿದವು ಎಂದರೆ, ಭಕ್ತಿಯನ್ನೂ ಮತವನ್ನೂ ಬೇರೆಬೇರೆಯಾಗಿ ಇಟ್ಟುಕೊಳ್ಳುವುದು ಜನಕ್ಕೆ ಗೊತ್ತಿದೆ ಎಂದರ್ಥ. 2013ರ ಡಿಸೆಂಬರಿನಲ್ಲಿ ಅವರು ತೀರಿಕೊಂಡ ಮೇಲೆ, ಜಯಚಾಮರಾಜೇಂದ್ರರ ಹಿರಿಯ ಮಗಳ ಮೊಮ್ಮಗನಾದ ಯದುವೀರ್ ಅವರನ್ನು 2015ರಲ್ಲಿ ಶ್ರೀಕಂಠದತ್ತರ ಪತ್ನಿ ಪ್ರಮೋದಾದೇವಿ ಒಡೆಯರು ದತ್ತು ತೆಗೆದುಕೊಂಡರು. 2024ರಲ್ಲಿ ಯದುವೀರ್ ಮೈಸೂರು-ಕೊಡಗು ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆಯಾದರು. ಇನ್ನು ಅವರನ್ನು ಅಳೆಯಬೇಕಾದದ್ದು ಒಬ್ಬ ಸಂಸದರನ್ನು ಅಳೆಯುವ ಅಳತೆಯಿಂದಲೇ, ವಂಶದಿಂದ ಹೆಚ್ಚಿಗೆಯೂ ಬೇಡ, ಕಡಿಮೆಯೂ ಬೇಡ.

ಕಾಲಿಗೆ ಬೀಳುವ ವಿಚಾರದಲ್ಲಿ ನಾನು ನಿಮ್ಮ ಪಕ್ಷದಲ್ಲಿದ್ದೇನೆ. ಆದರೆ ಎಂಬತ್ತು ದಾಟಿದ ಅಜ್ಜಿಯೊಬ್ಬಳು 'ನಮ್ಮ ಬುದ್ಧಿಯೋರು' ಎಂದು ಕೈಮುಗಿದರೆ ಅವಳನ್ನು ಗದರಿಸಲು ನನಗೆ ಮನಸ್ಸಾಗುವುದಿಲ್ಲ. ಜಂಬೂಸವಾರಿಯಲ್ಲಿ ಹಿಂದೆ ಮಹಾರಾಜರು ಕೂರುತ್ತಿದ್ದ ಚಿನ್ನದ ಅಂಬಾರಿಯಲ್ಲಿ ಈಗ ಚಾಮುಂಡೇಶ್ವರಿಯ ವಿಗ್ರಹವಿದೆ. ಆ ಅಜ್ಜಿ ಕೈಮುಗಿಯುವುದು ಈಗ ಹೆಚ್ಚಾಗಿ ಆ ತಾಯಿಗೇ.

ಪ್ರಶ್ನೆ: ಮುಂದಿನ ತಿಂಗಳು ಶಾಲಾ ಮಕ್ಕಳನ್ನು ಮೈಸೂರಿಗೆ ಪ್ರವಾಸ ಕರೆದೊಯ್ಯುತ್ತಿದ್ದೇವೆ. ಜಯಚಾಮರಾಜೇಂದ್ರರನ್ನು ನೆನಪಿಸುವ ಏನನ್ನು ತೋರಿಸಬಹುದು? (ಚಿತ್ರದುರ್ಗ, ಶಿಕ್ಷಕರು)

ಉತ್ತರ: ದೊಡ್ಡ ಅರಮನೆಯನ್ನು ಹೇಗೂ ನೋಡುತ್ತೀರಿ, ಅದರ ಸಮೀಪದ ವೃತ್ತದಲ್ಲಿಯೇ ಅವರ ಪ್ರತಿಮೆಯಿದೆ. ಜಗನ್ಮೋಹನ ಅರಮನೆಯ ಕಲಾ ಗ್ಯಾಲರಿ ಅವರ ಹೆಸರಿನದೇ. ಸಮಯವಿದ್ದರೆ ಮಾನಸಗಂಗೋತ್ರಿಯಲ್ಲಿರುವ ಜಯಲಕ್ಷ್ಮೀ ವಿಲಾಸಕ್ಕೆ ಹೋಗಿ. ಒಂದು ಕಾಲಕ್ಕೆ ರಾಜಮನೆತನದವರ ವಾಸಕ್ಕೆಂದು ಕಟ್ಟಿದ ಆ ಅರಮನೆಯಲ್ಲಿ ಈಗ ವಿಶ್ವವಿದ್ಯಾನಿಲಯದ ಜಾನಪದ ವಸ್ತು ಸಂಗ್ರಹಾಲಯವಿದೆ, ನೇಗಿಲು, ಬೀಸುವ ಕಲ್ಲು, ತೊಗಲುಗೊಂಬೆ, ಯಕ್ಷಗಾನದ ಕಿರೀಟಗಳಿವೆ. ಚೆಲುವಾಂಬಾ ಮಹಲಿನಲ್ಲಿ 1950ರಿಂದ ಕೇಂದ್ರೀಯ ಆಹಾರ ಸಂಶೋಧನಾಲಯವಿದೆ, ಹೊರಗಿನಿಂದ ನೋಡಿದರೂ ಸಾಕು.

ರಾಮಸ್ವಾಮಿ ವೃತ್ತವನ್ನು ಹಾದುಹೋಗುವಾಗ ಮಾತ್ರ ದಯವಿಟ್ಟು ಬಸ್ಸನ್ನು ಪಕ್ಕಕ್ಕೆ ನಿಲ್ಲಿಸಿ ಆ ಹುಡುಗ ಯಾರೆಂದು ಮಕ್ಕಳಿಗೆ ಹೇಳಿ. ಅವನ ವಯಸ್ಸು ಹೆಚ್ಚುಕಡಿಮೆ ನಿಮ್ಮ ವಿದ್ಯಾರ್ಥಿಗಳದ್ದೇ ಆಗಿತ್ತು.